ಎರಡು ಮೈಕು, ಒಂದು ಮೆಟ್ಟಿಲು

ಇಂಗ್ಲೆಂಡಿನ ಹ್ಯಾಂಪ್‌ಷೈರ್‌ನಲ್ಲಿ ಹೆಡ್ಲಿ ಗ್ರೇಂಜ್ ಎಂಬ ಮೂರಂತಸ್ತಿನ ಹಳೆಯ ಕಲ್ಲುಕಟ್ಟಡವಿದೆ. ಬಡವರು, ರೋಗಿಷ್ಟರು, ಅನಾಥರನ್ನು ಇಟ್ಟುಕೊಂಡು ಕೆಲಸ ಮಾಡಿಸಲೆಂದು 1795ರಲ್ಲಿ ಕಟ್ಟಿದ್ದು. 1970–71ರ ಚಳಿಗಾಲದಲ್ಲಿ ಲೆಡ್ ಜೆಪ್ಲಿನ್ ಎಂಬ ರಾಕ್ ತಂಡ ತನ್ನ ನಾಲ್ಕನೆಯ ಆಲ್ಬಂನ ಕೆಲಸಕ್ಕೆ ಅಲ್ಲಿ ಬಿಡಾರ ಹೂಡಿತು. ರೋಲಿಂಗ್ ಸ್ಟೋನ್ಸ್ ತಂಡದ ಸಂಚಾರಿ ಸ್ಟುಡಿಯೊ, ಅಂದರೆ ಧ್ವನಿಮುದ್ರಣ ಯಂತ್ರಗಳನ್ನು ತುಂಬಿಕೊಂಡ ಲಾರಿ, ಹೊರಗೆ ನಿಂತಿತ್ತು. ಜಾನ್ ಬಾನಮ್ ಅವರ ಡ್ರಮ್ ಸೆಟ್ಟನ್ನು ಕೋಣೆಯೊಳಗೆ ಒಯ್ಯದೆ, ಮೆಟ್ಟಿಲ ಬುಡದ ಹಜಾರದಲ್ಲೇ ಜೋಡಿಸಿದರು. ಎಂಜಿನಿಯರ್ ಆಂಡಿ ಜಾನ್ಸ್, ಬೈಯರ್‌ಡೈನಮಿಕ್ ಎಂ160 ಮೈಕು ಎರಡನ್ನು ಮೇಲಂತಸ್ತಿನಿಂದ ಕೆಳಮುಖವಾಗಿ ಹಿಡಿಸಿದರು. ಅಷ್ಟೆ. ಸ್ನೇರ್‌ಗೆಂದು ಬೇರೆ ಮೈಕಿಲ್ಲ, ಕಿಕ್ಕಿಗೆಂದು, ಅಂದರೆ ಕಾಲಲ್ಲಿ ತುಳಿಯುವ ಬೇಸ್ ಡ್ರಮ್ಮಿಗೆಂದು, ಬೇರೆ ಮೈಕಿಲ್ಲ.

ಆ ಎರಡು ಮೈಕಿಗೆ ಬಿದ್ದ ಸದ್ದನ್ನು ಲಿಮಿಟರ್‌ನಲ್ಲಿ ಹಿಂಡಿ, ಬಿನ್‌ಸನ್ ಎಕೋರೆಕ್ ಎಂಬ ಇಟಲಿಯ ಪ್ರತಿಧ್ವನಿ ಯಂತ್ರದೊಳಗಿಂದ ಹಾಯಿಸಿದಾಗ ದಕ್ಕಿದ್ದೇ ‘ವೆನ್ ದ ಲೆವೀ ಬ್ರೇಕ್ಸ್’ ಹಾಡಿನ ಆರಂಭ. 1927ರ ಮಿಸಿಸಿಪ್ಪಿ ಮಹಾಪೂರದ ಬಗ್ಗೆ ಮೆಂಫಿಸ್ ಮಿನ್ನಿ ಮತ್ತು ಕಾನ್ಸಸ್ ಜೋ ಮೆಕಾಯ್ 1929ರಲ್ಲಿ ಹಾಡಿದ್ದ ಬ್ಲೂಸ್ ಅದು. ಜೆಪ್ಲಿನ್ ಕೈಗೆ ಬಂದಾಗ ಹಾಡಿಗಿಂತ ಮೊದಲು ಡ್ರಮ್ಮೇ ಜನರ ಎದೆಗೆ ತಟ್ಟಿತು. 1971ರ ನವೆಂಬರಿನಲ್ಲಿ ಆಲ್ಬಂ ಬಂತು. 1986ರಲ್ಲಿ ಬೀಸ್ಟಿ ಬಾಯ್ಸ್ ಎಂಬ ರ್ಯಾಪ್ ತಂಡದವರು ತಮ್ಮ ಮೊದಲ ಆಲ್ಬಂನ ಮೊದಲ ಹಾಡಿಗೆ ಇದೇ ಬಡಿತವನ್ನು ಕತ್ತರಿಸಿ ಅಂಟಿಸಿಕೊಂಡರು. ಅಲ್ಲಿಂದೀಚೆಗೆ ಅದನ್ನು ಎತ್ತಿಕೊಂಡವರಿಗೆ ಲೆಕ್ಕವಿಲ್ಲ.

ವಾದ್ಯದಂಗಡಿಗೆ ಹೋಗುವ ಹುಡುಗರು ಈಗಲೂ ಕೇಳುವ ಪ್ರಶ್ನೆಯೊಂದಿದೆ: ಬಾನಮ್ ಸೌಂಡ್ ಬರಬೇಕಾದರೆ ಯಾವ ಸೆಟ್ ತಗೋಬೇಕು? ಅಂಗಡಿಯವರ ಬಳಿ ಉತ್ತರ ಸಿದ್ಧವಿರುತ್ತದೆ, ಬೆಲೆಯ ಸಮೇತ. ಒಂದು ಮೆಟ್ಟಿಲು ತಗೊಳ್ಳಪ್ಪ ಎಂದು ಯಾರೂ ಹೇಳುವುದಿಲ್ಲ.

ಹಾಗೆಂದು ಸಲಕರಣೆಗೆ ಬೆಲೆಯೇ ಇಲ್ಲ ಎಂದರೆ ಅದು ಇನ್ನೊಂದು ಬಗೆಯ ಬುರುಡೆ. ಬಾನಮ್ ಅವರ ಸೆಟ್ಟಿಗೆ ತನ್ನದೇ ಮೈಕಟ್ಟಿತ್ತು. ರಾಕ್ ಡ್ರಮ್ಮರ್‌ಗಳಲ್ಲಿ ಹೆಚ್ಚಿನವರು 22 ಇಂಚಿನ ಬೇಸ್ ಡ್ರಮ್ ತುಳಿಯುತ್ತಿದ್ದಾಗ ಅವರದು 26 ಇಂಚು. ಜಾಜ್ ಡ್ರಮ್ಮರುಗಳಾದ ಜೀನ್ ಕ್ರೂಪಾ, ಬಡ್ಡಿ ರಿಚ್ ಅವರ ಬಿಗ್ ಬ್ಯಾಂಡ್ ಕಾಲದ ಗೀಳು ಅದು. ಎದುರಿಗೆ ಒಂದೇ ಟಾಮ್, ಬಲಕ್ಕೆ 16 ಮತ್ತು 18 ಇಂಚಿನ ಎರಡು ಫ್ಲೋರ್ ಟಾಮ್. ಸ್ನೇರ್ ಮಾತ್ರ ಲೋಹದ್ದು: ಆರೂವರೆ ಇಂಚು ಆಳದ ಲಡ್ವಿಗ್ ಸುಪ್ರಾಫೋನಿಕ್, ಅಲ್ಯೂಮಿನಿಯಂ ಮೈಗೆ ಕ್ರೋಮಿಯಂ ಲೇಪ. ಸಿಂಬಲ್‌ಗಳು ಸ್ವಿಟ್ಜರ್ಲೆಂಡಿನ ಪೈಸ್ಟೆ ಕಂಪನಿಯವು. ಮೊದಲು ಜೈಂಟ್ ಬೀಟ್, ಮುಂದೆ 2002 ಸರಣಿ. ಈ 2002ರ ಕಂಚಿನಲ್ಲಿ ತವರದ ಪಾಲು ನೂರಕ್ಕೆ ಎಂಟು ಮಾತ್ರ. 1623ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಶುರುವಾದ ಜಿಲ್ಜಿಯನ್ ಮನೆತನದ ಸಿಂಬಲ್‌ಗಳಲ್ಲಿ ಅದು ಇಪ್ಪತ್ತರ ಆಸುಪಾಸು. ನಮ್ಮ ಜಾಗಟೆ, ತಾಳಗಳ ಕಂಚಿಗೆ ಹತ್ತಿರವಾದದ್ದು ಈ ಎರಡನೆಯದು. ತವರ ಇಳಿದರೆ ನಾದ ಚುರುಕಾಗಿ, ನೇರವಾಗಿ ಚಿಮ್ಮುತ್ತದೆ. ಏರಿದರೆ ಒಳಗೊಳಗೇ ಹಲವು ಸ್ವರ ಬೆರೆತು ಗಾಢವಾಗುತ್ತದೆ. ಕಿವಿ ಸೋಲುವಷ್ಟು ಜೋರಿನ ಗಿಟಾರುಗಳ ನಡುವೆ ತೂರಿ ಬರಲು ಮೊದಲನೆಯದೇ ಸರಿ.

ಕೇಳುವವರಿಗೆ ತಪ್ಪು ಕಲ್ಪನೆ ಬರುವುದು ಶ್ರುತಿಯ ವಿಷಯದಲ್ಲಿ. ಇಷ್ಟು ದಪ್ಪ ಸದ್ದು ಬರಬೇಕಾದರೆ ಹೆಡ್ಡನ್ನು, ಅಂದರೆ ಡ್ರಮ್ಮಿನ ಬಾಯಿಗೆ ಬಿಗಿದ ಹೊದಿಕೆಯನ್ನು, ಸಡಿಲ ಬಿಟ್ಟು, ಬೇಸ್ ಡ್ರಮ್ಮಿನ ಹೊಟ್ಟೆಗೆ ದಿಂಬು ತುರುಕಿರಬೇಕು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಬಾನಮ್ ಮಾಡಿದ್ದು ಇದಕ್ಕೆ ತದ್ವಿರುದ್ಧ. ಹೆಡ್‌ಗಳನ್ನು ಬಿಗಿಯಾಗಿ ಎಳೆದು ಶ್ರುತಿ ಏರಿಸುತ್ತಿದ್ದರು. ಮುಂದಿನ ಹೆಡ್ಡಿಗೆ ತೂತು ಕೊರೆಯುತ್ತಿರಲಿಲ್ಲ. ಒಳಗೆ ತುರುಕುವ ಬಟ್ಟೆ ಬರೆ ಇಲ್ಲವೆನ್ನುವಷ್ಟು ಕಡಿಮೆ. ದೊಡ್ಡ ಡ್ರಮ್ಮನ್ನು ಬಿಗಿ ಮಾಡಿದರೆ ಅದು ಹಾಡುತ್ತದೆ, ದೂರದ ಗೋಡೆ ಮುಟ್ಟಿ ವಾಪಸು ಬರುತ್ತದೆ. ಸಡಿಲ ಬಿಟ್ಟರೆ ಹತ್ತಿರದಲ್ಲಿ ಧೊಪ್ಪೆನ್ನುತ್ತದೆ, ನಾಲ್ಕು ಮಾರು ದಾಟುವಷ್ಟರಲ್ಲಿ ಸತ್ತಿರುತ್ತದೆ. ಮೈಕು ಮೇಲಂತಸ್ತಿನಲ್ಲಿದ್ದದ್ದರಿಂದಲೇ ಈ ಹದ ಫಲಿಸಿತು ಎಂಬುದನ್ನು ಮರೆಯಬಾರದು. ಅದೇ ಸೆಟ್ಟಿಗೆ ಗೇಣು ದೂರದಲ್ಲಿ ಮೈಕು ಇಟ್ಟರೆ ಕೇಳುವುದು ಬರೀ ಗುಂಯ್‌ಗುಟ್ಟುವಿಕೆ.

ಬಾನಮ್ ಅವರ ಕಾಲಡಿಯ ಪೆಡಲ್ಲಿನದೂ ಒಂದು ಕಥೆ. ಲಡ್ವಿಗ್ ಸ್ಪೀಡ್ ಕಿಂಗ್ ಎಂಬ ಆ ಪೆಡಲು ಕಿರುಗುಟ್ಟುವುದಕ್ಕೆ ಹೆಸರಾದದ್ದು. 1970ರ ಮೂರನೆಯ ಆಲ್ಬಂನ ‘ಸಿನ್ಸ್ ಐ ಹ್ಯಾವ್ ಬೀನ್ ಲವಿಂಗ್ ಯೂ’ ಹಾಡನ್ನು ಹೆಡ್‌ಫೋನ್ ಹಾಕಿ ಕೇಳಿದರೆ, ಪ್ರತಿ ತುಳಿತಕ್ಕೂ ಇಲಿಮರಿ ಕಿಚಗುಟ್ಟಿದಂತೆ ಒಂದು ಸದ್ದು ಸಿಗುತ್ತದೆ. ಎಣ್ಣೆ ಬಿಡಲು ಯಾರಿಗೂ ಹೊಳೆಯಲಿಲ್ಲವೋ, ಹೊಳೆದರೂ ಬೇಡವೆನಿಸಿತೋ. ಮುಂದೆ ಹಾಡುಗಳನ್ನು ಮರುಮುದ್ರಣಕ್ಕೆ ಸಜ್ಜುಗೊಳಿಸುವಾಗ ಗಿಟಾರಿಸ್ಟ್ ಜಿಮ್ಮಿ ಪೇಜ್ ಅವರಿಗೆ ಇದೊಂದು ತಲೆನೋವಾಯಿತು. ಕೇಳಿದಷ್ಟೂ ಅದು ಜೋರಾಗುತ್ತದೆ ಎಂದು ಅವರು ಹೇಳಿಕೊಂಡದ್ದುಂಟು. ಆದರೂ ಹಾಡಿನಲ್ಲಿ ಅದು ಇವತ್ತಿಗೂ ಇದೆ.

ಡ್ರಮ್ಮಿನ ಬ್ರಾಂಡಿಗೆ ಇಷ್ಟು ಬೆಲೆ ಬಂದದ್ದು ಯಾವಾಗ ಎಂದು ಹುಡುಕಿದರೆ 1964ರ ಫೆಬ್ರುವರಿ 9ಕ್ಕೆ ಹೋಗಿ ನಿಲ್ಲಬೇಕು. ಅಂದು ಅಮೆರಿಕದ ಎಡ್ ಸಲ್ಲಿವನ್ ಟಿ.ವಿ. ಕಾರ್ಯಕ್ರಮದಲ್ಲಿ ಬೀಟಲ್ಸ್ ತಂಡವನ್ನು ಸುಮಾರು 7 ಕೋಟಿ 30 ಲಕ್ಷ ಜನ ನೋಡಿದರು. ರಿಂಗೊ ಸ್ಟಾರ್ ಅವರ ಬೇಸ್ ಡ್ರಮ್ಮಿನ ಮೇಲೆ ತಂಡದ ಹೆಸರಿನ ಜೊತೆಗೆ ಲಡ್ವಿಗ್ ಹೆಸರೂ ಢಾಳಾಗಿ ಕಾಣುತ್ತಿತ್ತು. ಕಂಪನಿ ಅದಕ್ಕಾಗಿ ಕಾಸು ಕೊಟ್ಟಿರಲಿಲ್ಲ. ಹೊಸ ಸೆಟ್ಟಿನ ಮೋಹಕ್ಕೆ ಬಿದ್ದ ರಿಂಗೊ ಅವರಿಗೇ ಆ ಹೆಸರು ಅಲ್ಲಿರಬೇಕಿತ್ತು. ಬೇಡಿಕೆ ಪೂರೈಸಲು ಚಿಕಾಗೊದ ಲಡ್ವಿಗ್ ಕಾರ್ಖಾನೆ ಹಗಲೂ ರಾತ್ರಿ ಓಡಿತು. ಡ್ರಮ್ಮರ್ ಆಗುವುದೆಂದರೆ ಒಂದು ಹೆಸರನ್ನು ಕೊಳ್ಳುವುದು ಎಂಬ ನಂಬಿಕೆ ಆಗ ಬೇರೂರಿದ್ದು ಇನ್ನೂ ಕಿತ್ತುಹೋಗಿಲ್ಲ.

ಆದರೆ ಅದೇ ರಿಂಗೊ ಸ್ಟುಡಿಯೊದಲ್ಲಿ ಏನು ಮಾಡುತ್ತಿದ್ದರು? 1966ರ ಏಪ್ರಿಲಿನಲ್ಲಿ ‘ರಿವಾಲ್ವರ್’ ಆಲ್ಬಂ ಶುರುವಾದಾಗ ಎಂಜಿನಿಯರ್ ಜೆಫ್ ಎಮೆರಿಕ್ ಅವರಿಗೆ ಬರೀ ಇಪ್ಪತ್ತು ವರ್ಷ. ಬೇಸ್ ಡ್ರಮ್ಮಿನ ಹತ್ತಿರಕ್ಕೆ ಮೈಕು ಒಯ್ಯಬಾರದೆಂದು ಇಎಂಐ ಸ್ಟುಡಿಯೊದಲ್ಲಿ ಕಟ್ಟಪ್ಪಣೆ ಇತ್ತು, ಗಾಳಿಯ ಹೊಡೆತಕ್ಕೆ ಮೈಕು ಹಾಳಾಗುತ್ತದೆಂದು. ಹುಡುಗ ಕೇಳಲಿಲ್ಲ. ಅಲ್ಲೆಲ್ಲೋ ಬಿದ್ದಿದ್ದ ನಾಲ್ಕು ಕೊರಳಿನ ಉಣ್ಣೆಯ ಸ್ವೆಟರನ್ನು ಡ್ರಮ್ಮಿನೊಳಗೆ ತುಂಬಿ, ಮೈಕನ್ನು ಬಾಯಿಗೇ ತಂದಿಟ್ಟ. ‘ಟುಮಾರೊ ನೆವರ್ ನೋಸ್’ ಹಾಡಿನ ಆ ಬಿಗಿ ಗುದ್ದು ಹುಟ್ಟಿದ್ದು ಹಾಗೆ. ಮುಂದೆ ರಿಂಗೊ ಟಾಮ್‌ಗಳ ಮೇಲೆ, ಸ್ನೇರ್ ಮೇಲೆ ಅಡುಗೆಮನೆಯ ಟವೆಲ್ ಹೊದಿಸಿ ನುಡಿಸಿದರು. 1969ರ ಜನವರಿಯಲ್ಲಿ ಚಿತ್ರೀಕರಿಸಿ 2021ರಲ್ಲಿ ಬಿಡುಗಡೆಯಾದ ‘ಗೆಟ್ ಬ್ಯಾಕ್’ ಸಾಕ್ಷ್ಯಚಿತ್ರದಲ್ಲಿ ಅದನ್ನು ಕಣ್ಣಾರೆ ನೋಡಬಹುದು. ರಿಂಗೊ ಟವೆಲ್ ಹೊದಿಸುತ್ತಿದ್ದ ಹೊತ್ತಿಗೆ ಜಗತ್ತಿನ ಹುಡುಗರೆಲ್ಲ ಲಡ್ವಿಗ್‌ಗೆ ದುಡ್ಡು ಕೂಡಿಡುತ್ತಿದ್ದರು. ಟವೆಲ್ಲಿನ ಬಗ್ಗೆ ಯಾರೂ ಜಾಹೀರಾತು ಕೊಡಲಿಲ್ಲ.

ಸೆಟ್ಟಿನಲ್ಲಿ ಅತಿ ಹೆಚ್ಚು ಸದ್ದು ಮಾಡುವ ಭಾಗ ಅತಿ ಅಗ್ಗದ ಭಾಗವೂ ಹೌದು. ಅದು ಹೆಡ್, ನಮ್ಮಲ್ಲಿ ಕೆಲವರು ಸ್ಕಿನ್ ಎನ್ನುವುದು. 1950ರ ದಶಕದ ನಡುವಿನವರೆಗೂ ಅದು ನಿಜವಾಗಿಯೂ ಚರ್ಮವೇ ಆಗಿತ್ತು, ಕರುವಿನದು. ಮಳೆ ಬಂದರೆ ಜೋಲುತ್ತಿತ್ತು, ಬಿಸಿಲಿಗೆ ಸೆಟೆಯುತ್ತಿತ್ತು. ತಮಟೆಯವರು ಮೆರವಣಿಗೆಗೆ ಮುಂಚೆ ಬೆಂಕಿಗೆ ಹಿಡಿದು ತಮಟೆ ಕಾಯಿಸುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಮೆರಿಕದ ಜಾಜ್ ಡ್ರಮ್ಮರ್‌ಗಳು ಬೇಸ್ ಡ್ರಮ್ಮಿನೊಳಗೆ ವಿದ್ಯುತ್ ಬಲ್ಬು ಉರಿಸಿ ಚರ್ಮವನ್ನು ಬೆಚ್ಚಗಿಡುತ್ತಿದ್ದರು. 1956–57ರಲ್ಲಿ ಚಿಕ್ ಇವಾನ್ಸ್, ರೆಮೊ ಬೆಲ್ಲಿ ಮುಂತಾದವರು ಡುಪಾಂಟ್ ಕಂಪನಿಯ ಮೈಲಾರ್ ಎಂಬ ಪ್ಲಾಸ್ಟಿಕ್ ಹಾಳೆಯಿಂದ ಹೆಡ್ ಮಾಡಿ ಮಾರಲು ತೊಡಗಿದರು. ರಾಕ್ ಸಂಗೀತದ ಡ್ರಮ್ಮು ಇವತ್ತು ನಾವು ಕೇಳುವಂತೆ ಇರುವುದು ಈ ಹಾಳೆಯಿಂದ. ಹೊರಾಂಗಣದ ವೇದಿಕೆ, ಸುಡುವ ದೀಪ, ಮೂರು ತಾಸಿನ ಬಡಿತ, ಮರುದಿನ ಇನ್ನೊಂದು ಊರು. ಚರ್ಮ ಇದನ್ನೆಲ್ಲ ತಾಳುತ್ತಿರಲಿಲ್ಲ.

ಹೆಡ್ಡಿನಲ್ಲೂ ದಪ್ಪ ತೆಳು ಇದೆ. ರೆಮೊ ಅಂಬಾಸಡರ್ ಒಂದೇ ಪದರ, ಕಾಲು ಮಿಲಿಮೀಟರ್ ದಪ್ಪ. ಎಂಪರರ್ ಎರಡು ಪದರ. ಒಂದು ಪದರದ್ದು ಬೇಗ ಮಾತಾಡುತ್ತದೆ, ಉದ್ದಕ್ಕೆ ಮೊರೆಯುತ್ತದೆ. ಎರಡು ಪದರದ್ದು ಪೆಟ್ಟು ತಾಳುತ್ತದೆ, ಬೇಗ ಸುಮ್ಮನಾಗುತ್ತದೆ. ಹೊಸ ಹೆಡ್ ಹಾಕಿದವರು ಡ್ರಮ್ ಕೀ ಹಿಡಿದು ಒಂದು ಬೋಲ್ಟ್ ತಿರುಗಿಸಿದ ಮೇಲೆ ಪಕ್ಕದ್ದಕ್ಕೆ ಹೋಗುವುದಿಲ್ಲ, ನೇರ ಎದುರಿನದಕ್ಕೆ ಹೋಗುತ್ತಾರೆ. ಒಂದು ಕಡೆ ಎಳೆದು ಇನ್ನೊಂದು ಕಡೆ ಸೊಟ್ಟಗಾಗಬಾರದಲ್ಲ. ಆಮೇಲೆ ಅಂಚಿನಿಂದ ಒಂದಿಂಚು ಒಳಗೆ, ಪ್ರತಿ ಬೋಲ್ಟಿನ ಎದುರೂ ಬೆರಳಿನಿಂದ ಕುಟ್ಟುತ್ತ ಸುತ್ತು ಬರುತ್ತಾರೆ. ಎಲ್ಲ ಕಡೆ ಒಂದೇ ಸ್ವರ ಬರುವ ತನಕ. ಆಮೇಲೆ ಡ್ರಮ್ಮನ್ನು ತಿರುವಿ ಹಾಕಿ ತಳದ ಹೆಡ್ಡಿಗೂ ಅದೇ ಉಪಚಾರ. ತಬಲಾದವರು ಗಟ್ಟಕ್ಕೆ ಸುತ್ತಿಗೆಯಲ್ಲಿ ತಟ್ಟುತ್ತ ಕೂರುವುದನ್ನು ಕಚೇರಿಯ ಭಾಗವೆಂದೇ ಒಪ್ಪುವ ನಮ್ಮ ಜನ, ಡ್ರಮ್ಮರ್ ಹೀಗೆ ಕೂತರೆ ಇವನಿಗೇನಪ್ಪ ಇಷ್ಟೊಂದು ಶೋಕಿ ಎನ್ನುತ್ತಾರೆ.

ಮೆಟ್ಟಿಲ ಕಡೆಗೆ ಮರಳೋಣ, ಯಾಕೆಂದರೆ ಈ ವಾದದ ತಿರುಳು ಅಲ್ಲಿದೆ. ಎರಡೇ ಮೈಕಿನಲ್ಲಿ ಮುದ್ರಿಸಿದರೆ ಆಮೇಲೆ ತಿದ್ದಲು ಏನೂ ಉಳಿಯುವುದಿಲ್ಲ. ಸಿಂಬಲ್ ಜಾಸ್ತಿಯಾಯಿತೇ? ಅದನ್ನೊಂದನ್ನೇ ಇಳಿಸಲಾಗದು. ಕಿಕ್ ಕೇಳಿಸುತ್ತಿಲ್ಲವೇ? ಅದನ್ನೊಂದನ್ನೇ ಏರಿಸಲಾಗದು. ಯಾವುದು ಎಷ್ಟು ಕೇಳಬೇಕೆಂಬ ತೂಕ ನುಡಿಸುವವರ ಕೈಕಾಲಿನಲ್ಲೇ ತೀರ್ಮಾನವಾಗಿರಬೇಕು. ಬಾನಮ್ ಎಂದರೆ ಸಿಕ್ಕಿದ್ದನ್ನೆಲ್ಲ ಚಚ್ಚುವವರು ಎಂಬ ಹೆಸರಿದೆ, ಆದರೆ ಆ ಧ್ವನಿಮುದ್ರಣವೇ ಅದಕ್ಕೆ ಎದುರು ಸಾಕ್ಷಿ. ಹೈಹ್ಯಾಟ್ ಸ್ನೇರನ್ನು ನುಂಗಿಲ್ಲ, ಕಿಕ್ಕು ಎರಡನ್ನೂ ಹೊತ್ತು ನಿಂತಿದೆ. ಇನ್ನೊಬ್ಬರು ಅದೇ ಹಜಾರದಲ್ಲಿ, ಅದೇ ಸೆಟ್ಟಿಗೆ ಕೂತು ಕೈ ಹತೋಟಿಯಿಲ್ಲದೆ ಬಡಿದಿದ್ದರೆ ಆಂಡಿ ಜಾನ್ಸ್ ಅವರ ಟೇಪಿನಲ್ಲಿ ಸಿಂಬಲ್ಲಿನ ಗದ್ದಲ ಮಾತ್ರ ಉಳಿಯುತ್ತಿತ್ತು. ಆಂಡಿ ಅವರ ಅಣ್ಣ ಗ್ಲಿನ್ ಜಾನ್ಸ್ 1968ರಲ್ಲಿ ಜೆಪ್ಲಿನ್‌ನ ಮೊದಲ ಆಲ್ಬಂ ಮುದ್ರಿಸಿದವರು. ಅವರದೂ ಕಡಿಮೆ ಮೈಕಿನ ಪದ್ಧತಿಯೇ: ತಲೆಯ ಮೇಲೊಂದು, ಫ್ಲೋರ್ ಟಾಮ್ ಪಕ್ಕದಿಂದೊಂದು, ಎರಡೂ ಸ್ನೇರ್‌ನಿಂದ ಸಮ ದೂರದಲ್ಲಿ, ಜೊತೆಗೆ ಅಗತ್ಯ ಕಂಡರೆ ಒಂದೆರಡು. ಇಂದಿಗೂ ಸ್ಟುಡಿಯೊಗಳಲ್ಲಿ ಟೇಪು ಹಿಡಿದು ಆ ದೂರ ಅಳೆಯುವವರಿದ್ದಾರೆ.

ಆ ಮೆಟ್ಟಿಲ ಮುದ್ರಣವಾಗಿ ಹತ್ತು ವರ್ಷ ಕಳೆಯುವಷ್ಟರಲ್ಲಿ ಕೋಣೆಯನ್ನೇ ಕತ್ತರಿಸಿ ಕೊಡುವ ವಿದ್ಯೆ ಬಂತು. ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೊದಲ್ಲಿ ಗಾಯಕ ಪೀಟರ್ ಗೇಬ್ರಿಯಲ್ ಅವರ ಮೂರನೆಯ ಆಲ್ಬಂ ನಡೆಯುತ್ತಿತ್ತು. ನುಡಿಸುವವರ ಮಾತು ಎಂಜಿನಿಯರ್ ಕೂರುವ ಕೋಣೆಗೆ ಕೇಳಲೆಂದು ಒಂದು ಮೈಕು ತೂಗುಬಿಟ್ಟಿರುತ್ತಿತ್ತು. ಪಿಸುಮಾತೂ ಸಿಗಲೆಂದು ಅದರ ಸರ್ಕ್ಯೂಟಿನಲ್ಲಿ ಕಡುಬಿಗಿಯಾದ ಕಂಪ್ರೆಸರ್. ಫಿಲ್ ಕಾಲಿನ್ಸ್ ಡ್ರಮ್ ಬಾರಿಸುತ್ತಿದ್ದಾಗ ಎಂಜಿನಿಯರ್ ಹ್ಯೂ ಪ್ಯಾಡ್ಗಮ್ ಆ ಮೈಕನ್ನು ತೆರೆದರು. ಕೋಣೆಯೇ ಮೈಮೇಲೆ ಬಿದ್ದಂಥ ಸದ್ದು! ಅದರ ಬಾಲವನ್ನು ನಾಯ್ಸ್ ಗೇಟ್‌ನಿಂದ ಫಕ್ಕನೆ ಕತ್ತರಿಸಿದರು. ಹಾಗೆ ಬಂದವು 1980ರಲ್ಲಿ ಗೇಬ್ರಿಯಲ್ ಅವರ ‘ಇಂಟ್ರೂಡರ್’, 1981ರಲ್ಲಿ ಕಾಲಿನ್ಸ್ ಅವರದೇ ‘ಇನ್ ದಿ ಏರ್ ಟುನೈಟ್’. ಎಂಬತ್ತರ ದಶಕವಿಡೀ ಜಗತ್ತಿನ ಪಾಪ್ ಹಾಡುಗಳೆಲ್ಲ ಇದೇ ಗುಡುಗು ಗುಡುಗಿದವು. ಗೇಬ್ರಿಯಲ್ ಅವರ ಹಟವೊಂದು ಇಲ್ಲಿ ನೆನಪಿಗೆ ತರಬೇಕಾದ್ದು. ಆ ಆಲ್ಬಂನಲ್ಲಿ ಸಿಂಬಲ್ ಕೂಡದೆಂದು ಅವರು ಪಟ್ಟು ಹಿಡಿದಿದ್ದರು. ಸಿಂಬಲ್ ಇದ್ದಿದ್ದರೆ ಆ ಕಂಪ್ರೆಸರ್ ಅದನ್ನೇ ಎತ್ತಿ ಹಿಡಿದು ಎಲ್ಲವನ್ನೂ ಚಿಂದಿ ಮಾಡಿರುತ್ತಿತ್ತು.

ಅದರ ಬೆನ್ನಿಗೇ ಪೆಟ್ಟಿಗೆಯೊಳಗಿನ ಡ್ರಮ್ಮು ಬಂತು. 1985ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ಆಕ್ಟಪ್ಯಾಡ್ ತಂದಿತು. ಕರ್ನಾಟಕದ ಗಣೇಶೋತ್ಸವದ ಪೆಂಡಾಲು, ಜಾತ್ರೆಯ ರಸಮಂಜರಿಗಳಿಗೆ ಅದು ವರವಾಯಿತು. ಸ್ಕೂಟರಿನಲ್ಲಿ ಒಯ್ಯಬಹುದು, ಮೈಕು ಬೇಡ, ಮಳೆಗೆ ಜೋಲುವುದಿಲ್ಲ. ಒಬ್ಬರೇ ಢೋಲಕ್ಕು, ತಬಲಾ, ಡ್ರಮ್ ಸೆಟ್ ಮೂರೂ ಆಗಬಹುದು. ಅದನ್ನು ಚಕಚಕನೆ ನುಡಿಸುವ ಕಲಾವಿದರ ಕೈಚಳಕಕ್ಕೆ ತಲೆದೂಗಲೇಬೇಕು. ಆದರೆ ಎರಡು ತಲೆಮಾರು ಡ್ರಮ್ ಎಂದರೆ ಸ್ಪೀಕರಿನಿಂದ ಹೊರಡುವ ಸದ್ದು ಎಂದೇ ತಿಳಿದು ಬೆಳೆಯಲು ಅದೂ ಒಂದು ಕಾರಣ.

ಒಬ್ಬರೇ ಡ್ರಮ್ಮರ್, ಎರಡು ವರ್ಷ, ಎರಡು ದನಿ. ಇಂಥ ಪ್ರಯೋಗವನ್ನು ಯಾರಾದರೂ ಮಾಡಿದ್ದರೆ ಚೆನ್ನಾಗಿತ್ತು ಅನ್ನುವವರು ನಿರ್ವಾಣ ತಂಡದ ಎರಡು ಆಲ್ಬಂ ಕೇಳಬಹುದು. 1991ರ ‘ನೆವರ್‌ಮೈಂಡ್’ ಲಾಸ್ ಏಂಜಲಿಸ್‌ನ ಸೌಂಡ್ ಸಿಟಿ ಸ್ಟುಡಿಯೊದಲ್ಲಿ ಮುದ್ರಿತವಾಯಿತು. ಡ್ರಮ್ಮಿಗೆ ಹೇಳಿ ಮಾಡಿಸಿದ ಜಾಗವೆಂದು ಹೆಸರಾದ ಅದು ಮೊದಲು ವಾಕ್ಸ್ ಕಂಪನಿಯ ಕಾರ್ಖಾನೆಯಾಗಿತ್ತು. ಡ್ರಮ್ಮರ್ ಡೇವ್ ಗ್ರೋಲ್ ಅಲ್ಲಿ ಬಡಿದ ಸ್ನೇರ್ ಅವರ ಸ್ವಂತದ್ದಲ್ಲ. ಡ್ರಮ್ ಡಾಕ್ಟರ್ಸ್ ಎಂಬ ಬಾಡಿಗೆ ಸಂಸ್ಥೆಯಿಂದ ತಂದ, ‘ಟರ್ಮಿನೇಟರ್’ ಎಂಬ ಅಡ್ಡಹೆಸರಿನ ಟಾಮಾ ಬೆಲ್ ಬ್ರಾಸ್. ಎತ್ತಿದರೆ ತೋಳು ಸೋಲುವಷ್ಟು ಭಾರದ ಲೋಹ. ಮಿಕ್ಸಿಂಗ್ ಮಾಡಿದ ಆಂಡಿ ವ್ಯಾಲೇಸ್ ಅದರ ಮೇಲೆ ಮೊದಲೇ ಮುದ್ರಿಸಿಟ್ಟ ಡ್ರಮ್ ಸದ್ದುಗಳ ಸ್ಯಾಂಪಲ್‌ಗಳನ್ನೂ ಸೇರಿಸಿದರು. ಸದ್ದು ನಯವಾಯಿತು, ಹೊಳಪು ಬಂತು, ರೇಡಿಯೊದಲ್ಲಿ ಮೆರೆಯಿತು.

1993ರ ಫೆಬ್ರುವರಿಯಲ್ಲಿ ಅದೇ ತಂಡ ಮಿನೆಸೋಟಾದ ಹಿಮದ ನಡುವೆ ಪ್ಯಾಕಿಡರ್ಮ್ ಸ್ಟುಡಿಯೊಗೆ ಹೋಯಿತು. ಈ ಸಲ ಚುಕ್ಕಾಣಿ ಎಂಜಿನಿಯರ್ ಸ್ಟೀವ್ ಆಲ್ಬಿನಿ ಅವರದು. ಕೋಣೆಯ ಮೂಲೆ ಮೂಲೆಗೆ ಮೈಕು ಇಟ್ಟು, ಗ್ರೋಲ್ ಬಾರಿಸಿದ್ದು ಆ ಜಾಗದಲ್ಲಿ ಹೇಗೆ ಕೇಳಿತೋ ಹಾಗೇ ಹಿಡಿದರು. ಎರಡು ಹಾಡಿಗಂತೂ ಡ್ರಮ್ ಸೆಟ್ಟನ್ನು ಎತ್ತಿಕೊಂಡು ಹೋಗಿ ಅಡುಗೆಮನೆಯಲ್ಲಿ ಇಟ್ಟರು, ಅಲ್ಲಿನ ಗೋಡೆಗಳ ಮಾರ್ದನಿ ಚೆನ್ನಾಗಿತ್ತೆಂದು. ‘ಇನ್ ಯೂಟರೊ’ ಆಲ್ಬಂನ ‘ಸೆಂಟ್‌ಲೆಸ್ ಅಪ್ರೆಂಟಿಸ್’ ಶುರುವಾಗುವುದು ಡ್ರಮ್ಮಿನಿಂದ. ಕೇಳಿದರೆ ಬಾಗಿಲಾಚೆಗೇ ಯಾರೋ ಬಡಿಯುತ್ತಿದ್ದಾರೆ ಅನ್ನಿಸುತ್ತದೆ. ಎರಡರಲ್ಲಿ ಯಾವುದು ಮೇಲು? ಮಾರಾಟ ಮೊದಲನೆಯದರ ಪರ, ಈ ಲೇಖನ ಎರಡನೆಯದರ ಪರ.

ಬೆಂಗಳೂರಿಗೂ ಇಂಥ ಹೋಲಿಕೆಯ ಅವಕಾಶ ಸಿಕ್ಕಿತ್ತು, ಅದೂ ಒಂದೇ ಮೈದಾನದಲ್ಲಿ. 2003ರ ಏಪ್ರಿಲಿನಲ್ಲಿ ರೋಲಿಂಗ್ ಸ್ಟೋನ್ಸ್ ಅರಮನೆ ಮೈದಾನಕ್ಕೆ ಬಂದಾಗ ಚಾರ್ಲಿ ವಾಟ್ಸ್ ಅವರಿಗೆ 61 ವರ್ಷ. ಅಷ್ಟು ದೊಡ್ಡ ತಂಡದ ಡ್ರಮ್ಮರ್ ದಶಕಗಟ್ಟಲೆ ನುಡಿಸಿದ್ದು 1957ರ ಒಂದು ಗ್ರೆಟ್ಶ್ ಸೆಟ್: ಕಿಕ್, ಸ್ನೇರ್, ಒಂದು ಟಾಮ್, ಒಂದು ಫ್ಲೋರ್ ಟಾಮ್. ಮದುವೆ ಮನೆಯ ಬ್ಯಾಂಡಿನವರ ಹತ್ತಿರವೂ ಅದಕ್ಕಿಂತ ಹೆಚ್ಚು ಡ್ರಮ್ಮು ಇರುತ್ತವೆ. ಅವರ ಬಲಗೈಯನ್ನು ಗಮನಿಸಿದವರಿಗೆ ಒಂದು ವಿಚಿತ್ರ ಕಾಣುತ್ತಿತ್ತು. ಎಡಗೈ ಸ್ನೇರಿಗೆ ಬೀಳುವ ಹೊತ್ತಿಗೆ ಸರಿಯಾಗಿ ಬಲಗೈ ಹೈಹ್ಯಾಟಿನಿಂದ ಮೇಲೇಳುತ್ತದೆ, ಆ ಒಂದು ಮಾತ್ರೆ ಬಾರಿಸುವುದೇ ಇಲ್ಲ. ಸ್ನೇರ್ ಒಂಟಿಯಾಗಿ, ಖಾಲಿ ಜಾಗದಲ್ಲಿ ಸಿಡಿಯುತ್ತದೆ. ಧ್ವನಿ ಎಂಜಿನಿಯರ್ ಫೇಡರ್ ಇಳಿಸಿ ಮಾಡಬೇಕಾದ ಕೆಲಸವನ್ನು ಅವರು ಕೈಯೆತ್ತಿ ಮಾಡಿಬಿಡುತ್ತಿದ್ದರು.

2011ರ ಅಕ್ಟೋಬರ್ 30ರಂದು ಅದೇ ಅರಮನೆ ಮೈದಾನಕ್ಕೆ ಮೆಟಾಲಿಕಾ ಬಂತು, ಲಾರ್ಸ್ ಉಲ್ರಿಚ್ ಅವರ ಎರಡು ಬೇಸ್ ಡ್ರಮ್ಮಿನ ಟಾಮಾ ಸೆಟ್ಟಿನೊಂದಿಗೆ. ಇಲ್ಲಿ ಮೆಟ್ಟಿಲ ವಾದ ಸ್ವಲ್ಪ ತಡವರಿಸುತ್ತದೆ ಎಂದು ಒಪ್ಪಿಕೊಳ್ಳಬೇಕು. ಎರಡೂ ಕಾಲು ಮೆಷಿನ್ನಿನಂತೆ ತುಳಿಯುವ ಮೆಟಲ್ ಸಂಗೀತವನ್ನು ಹೆಡ್ಲಿ ಗ್ರೇಂಜಿನ ಹಜಾರದಲ್ಲಿ ನುಡಿಸಿದರೆ ಒಂದು ಪೆಟ್ಟಿನ ಬಾಲ ಇನ್ನೊಂದರ ತಲೆಗೆ ಸಿಕ್ಕಿಕೊಂಡು ಕಲಸುಮೇಲೋಗರವಾಗುತ್ತದೆ. ಅಲ್ಲಿ ಹತ್ತಿರದ ಮೈಕು ಬೇಕು, ಕಿಕ್ಕಿನಲ್ಲಿ ಟಿಕ್ ಎನ್ನುವ ತುದಿ ಬೇಕು, ಮೊರೆತ ಕಡಿಮೆ ಇರಬೇಕು. ಸಂಗೀತ ಯಾವುದೋ ಅದಕ್ಕೆ ತಕ್ಕ ಕೋಣೆ. ಲಾರ್ಸ್ ಅವರ ಅತಿ ಕುಖ್ಯಾತ ಸದ್ದು ಹುಟ್ಟಿದ್ದೂ ಸಲಕರಣೆಯ ಕೊರತೆಯಿಂದೇನಲ್ಲ. 2003ರ ‘ಸೇಂಟ್ ಆಂಗರ್’ ಆಲ್ಬಂನಲ್ಲಿ ಸ್ನೇರಿನ ತಳದ ತಂತಿಗಳನ್ನು ಬಿಡಿಸಿದ್ದನ್ನು ಮರೆತು ಹಾಗೇ ನುಡಿಸಿ, ಕೇಳಿದಾಗ ಹಿಡಿಸಿತೆಂದು ಹಾಗೇ ಉಳಿಸಿಕೊಂಡದ್ದಾಗಿ ಅವರೇ ಹೇಳಿದ್ದಾರೆ. ಒಂದು ಸನ್ನೆಕೋಲು ಕೆಳಗಿತ್ತು, ಅಷ್ಟೆ. ಕೋಟಿಗಟ್ಟಲೆ ಸುರಿದ ಆಲ್ಬಂ ತಗಡು ಬಡಿದಂತೆ ಠಣಗುಟ್ಟಿತು. ಅಭಿಮಾನಿಗಳು ಇನ್ನೂ ಜಗಳಾಡುತ್ತಿದ್ದಾರೆ.

ಈಗಿನ ನಮ್ಮ ಊರುಗಳ ಪರಿಸ್ಥಿತಿ ನೋಡಿ. ಕಲಿಯುವ ಮಕ್ಕಳಿಗೆ ಅಪಾರ್ಟ್‌ಮೆಂಟಿನಲ್ಲಿ ಎಲೆಕ್ಟ್ರಾನಿಕ್ ಸೆಟ್, ಕಿವಿಗೆ ಹೆಡ್‌ಫೋನ್. ತಪ್ಪೇನಲ್ಲ, ನೆರೆಮನೆಯವರೂ ಮನುಷ್ಯರೇ. ತಂಡಗಳು ಅಭ್ಯಾಸ ಮಾಡುವ ಜ್ಯಾಮ್ ರೂಮಿಗೆ ಹೋದರೆ ನಾಲ್ಕೂ ಗೋಡೆಗೆ ಫೋಮ್, ನೆಲಕ್ಕೆ ಕಾರ್ಪೆಟ್. ಸ್ಟುಡಿಯೊದಲ್ಲಿ ಪ್ರತಿ ಡ್ರಮ್ಮಿಗೆ ಒಂದೊಂದು ಮೈಕು, ಆಮೇಲೆ ಕಂಪ್ಯೂಟರಿನಲ್ಲಿ ಒಂದೊಂದು ಪೆಟ್ಟಿಗೂ ಬೇರೆ ಯಾರದೋ ಸ್ಯಾಂಪಲ್. ಡ್ರಮ್ಮು ತೆರೆದ ಜಾಗದಲ್ಲಿ ಹೇಗೆ ಕೇಳುತ್ತದೆ, ತನ್ನ ಸಿಂಬಲ್ ಹತ್ತು ಹೆಜ್ಜೆ ಆಚೆ ನಿಂತವರಿಗೆ ಎಷ್ಟು ಚುಚ್ಚುತ್ತದೆ ಎಂಬುದನ್ನು ಕೇಳಿಸಿಕೊಳ್ಳದೆಯೇ ಒಬ್ಬ ಡ್ರಮ್ಮರ್ ತಯಾರಾಗಬಹುದು. ಕೈಗೆ ವೇಗವಿದೆ, ಲೆಕ್ಕ ತಪ್ಪುವುದಿಲ್ಲ, ತೂಕ ಮಾತ್ರ ಇನ್ನೊಬ್ಬರ ಫೇಡರಿನ ಮೇಲಿದೆ. ಇದರ ಮೇಲೆ ಲಕ್ಷ ರೂಪಾಯಿ ದಾಟಿದ ಸೆಟ್ ಕೊಂಡರೂ, ಸ್ಯಾಂಪಲ್ ಕೂತ ಮೇಲೆ ಆ ಮರದ ಗುಣ ಯಾರ ಕಿವಿಗೂ ತಲುಪುವುದಿಲ್ಲ.

ಕಾಲೇಜು ಉತ್ಸವಗಳಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ದೀಪಕ್ಕೆ, ಹೊಗೆಗೆ, ಎಲ್‌ಇಡಿ ಪರದೆಗೆ ದುಡ್ಡು ಹರಿದಿರುತ್ತದೆ. ಬಾಡಿಗೆಯ ಡ್ರಮ್ ಸೆಟ್ಟಿನ ಹೆಡ್‌ಗಳು ನಡುವೆ ತಗ್ಗುಬಿದ್ದು, ಅಂಟುಪಟ್ಟಿಯ ತೇಪೆ ಹೊತ್ತು, ಹಿಂದಿನ ಹತ್ತು ಊರಿನ ಪೆಟ್ಟು ತಿಂದು ಬಂದಿರುತ್ತವೆ. ಡ್ರಮ್ ಕೀ ಯಾರ ಹತ್ತಿರವೂ ಇರುವುದಿಲ್ಲ. ಸೌಂಡ್ ಚೆಕ್ ಎಂದರೆ ‘ಕಿಕ್ ಕೊಡಿ, ಸ್ನೇರ್ ಕೊಡಿ, ಆಯ್ತು, ನೆಕ್ಸ್ಟ್’. ಆಮೇಲೆ ಇಡೀ ಸಂಜೆ ಸ್ಪೀಕರಿನಿಂದ ರಟ್ಟಿನ ಪೆಟ್ಟಿಗೆ ಗುದ್ದಿದ ಸದ್ದು. ಬೈಗುಳ ಮಾತ್ರ ಡ್ರಮ್ಮರ್‌ಗೆ, ಇಲ್ಲವೇ ಕನ್ಸೋಲ್ ಹಿಂದೆ ಕೂತವರಿಗೆ.

ಸಂಘಟಕರು ಮಾಡಬಹುದಾದದ್ದು ಬಹಳವೇನಿಲ್ಲ. ಬಾಡಿಗೆಯ ಕರಾರಿನಲ್ಲೇ ಸ್ನೇರ್ ಮತ್ತು ಕಿಕ್ಕಿಗೆ ಹೊಸ ಹೆಡ್ ಇರಬೇಕೆಂದು ಬರೆಸಿಕೊಳ್ಳುವುದು, ಸೆಟ್ಟಿನ ಜೊತೆ ಕೀ ಹಿಡಿದ ಒಬ್ಬರನ್ನು ಕಳಿಸಲು ಕೇಳುವುದು. ಸೌಂಡ್ ಚೆಕ್ಕಿನ ಮೊದಲ ಕಾಲು ಗಂಟೆ ಮೈಕುಗಳನ್ನೆಲ್ಲ ಆಫ್ ಮಾಡಿ, ಡ್ರಮ್ಮರ್ ಬರೀ ಸೆಟ್ ನುಡಿಸಲಿ, ಎಂಜಿನಿಯರ್ ಕನ್ಸೋಲ್ ಬಿಟ್ಟು ಮೈದಾನದ ನಡುವೆ ಬಂದು ನಿಂತು ಕೇಳಲಿ. ಸಿಂಬಲ್ ಜಾಸ್ತಿಯಾದರೆ ಅಲ್ಲಿಂದಲೇ ಕೂಗಿ ಹೇಳಲಿ. ಸ್ಟುಡಿಯೊ ನಡೆಸುವವರು ಒಂದು ಗೋಡೆಯ ಫೋಮ್ ಕಿತ್ತು, ದೂರದಲ್ಲೊಂದು ಮೈಕು ಇಟ್ಟು, ಬಂದ ತಂಡಕ್ಕೆ ಮೊದಲು ಅದೊಂದನ್ನೇ ಕೇಳಿಸಬಹುದು. ಹೆಡ್ಲಿ ಗ್ರೇಂಜ್ ಹುಡುಕಿಕೊಂಡು ಇಂಗ್ಲೆಂಡಿಗೆ ಹೋಗಬೇಕಾಗಿಯೂ ಇಲ್ಲ. ಎತ್ತರದ ಚಾವಣಿಯ ಹಳೆಯ ಶಾಲೆಗಳು, ಭಾನುವಾರ ಬೀಗ ಹಾಕುವ ಸಮುದಾಯ ಭವನಗಳು, ನಾಲ್ಕಂತಸ್ತಿನ ಕಾಲೇಜು ಮೆಟ್ಟಿಲುಗಳು ಇಲ್ಲಿ ಬೇಕಾದಷ್ಟಿವೆ. ಅನುಮತಿ ಕೊಡಿಸಲು ಒಬ್ಬ ಪ್ರಾಂಶುಪಾಲರೋ ಕಾವಲುಗಾರರೋ ಮನಸ್ಸು ಮಾಡಿದರೆ ಸಾಕು.